ನಾಲ್ಕು ಪಾಯಿಂಟ್ ಎಂಟು

"ಇಂಜಿನ್ ಮುಟ್ಟೋದಿಲ್ಲ," ಎಂದ ಸೊಗಾ, ಕಾರಿನ ಅಡಿಯಿಂದ ತಲೆಯನ್ನೂ ಹೊರಗೆ ಹಾಕದೆ.

ತೊಮೊಯೆಗೆ ಮೈ ಉರಿಯಿತು. ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ತೊಚಿಗಿ ಜಿಲ್ಲೆಯ ಈ ಮೂಲೆ ವರ್ಕ್‌ಶಾಪ್‌ಗೆ ಬಂದದ್ದು ಈ ಮಾತು ಕೇಳುವುದಕ್ಕಾ?

"ಕಾರು ನಂದು, ಸೊಗಾ ಸಾನ್. ತಿರುವು ದಾಟಿದ ಮೇಲೆ ಏಳೋದೇ ಇಲ್ಲ, ನಿದ್ದೆ ಮಾಡುತ್ತೆ. ಪವರ್ ಬೇಕು."

"ಪವರ್ ಇದೆ. ಚಕ್ರದ ತನಕ ಬರ್ತಿಲ್ಲ ಅಷ್ಟೆ."

ಆಗ ಹೊರಗೆ ಬಂದ. ನಲವತ್ತರ ಹತ್ತಿರದವನು, ಒಂದು ಹುಬ್ಬಿಗೆ ಮಾತ್ರ ಗ್ರೀಸ್. ಅವಳತ್ತ ನೋಡಿದವನು ಎರಡು ಕ್ಷಣ ಹೆಚ್ಚೇ ನೋಡಿದ. ತೊಮೊಯೆ ಕಣ್ಣು ತಿರುಗಿಸಲಿಲ್ಲ.

"ಈಗ ಇಂಜಿನ್ ಕಡೆಯ ಶಾಫ್ಟ್ ನಾಲ್ಕು ಚಿಲ್ಲರೆ ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು ತಿರುಗುತ್ತೆ. ಹಿಂದಿನ ಗೇರ್ ಬದಲಾಯಿಸಿ ಅದನ್ನ ನಾಲ್ಕು ಪಾಯಿಂಟ್ ಎಂಟು ಮಾಡಿದ್ರೆ, ಅದೇ ಇಂಜಿನ್ ಇನ್ನೂ ಜೋರಾಗಿ ನೂಕುತ್ತೆ. ಸೈಕಲ್‌ನಲ್ಲಿ ದಿಬ್ಬ ಹತ್ತುವಾಗ ಗೇರ್ ಇಳಿಸ್ತೀವಲ್ಲ, ಹಾಗೆ."

"ನಷ್ಟ?"

"ಟಾಪ್ ಸ್ಪೀಡ್ ಕಡಿಮೆ ಆಗುತ್ತೆ. ಆದ್ರೆ ನೀವು ಓಡಿಸೋ ರೇಸ್ ಸರ್ಕ್ಯೂಟ್‌ನಲ್ಲಿ ಅಷ್ಟು ಓಡೋಕೆ ಜಾಗ ಎಲ್ಲಿದೆ?"

"ಹಾಗಾದ್ರೆ ನಾಲ್ಕು ಪಾಯಿಂಟ್ ಎಂಟೇ ಹಾಕಿ," ಎಂದಳು.

ಅವನು ಕೊಟ್ಟ ಬಾರ್ಲಿ ಟೀ ಕ್ಯಾನನ್ನು ಎಡಗೈಯಲ್ಲಿ ತೆಗೆದುಕೊಂಡವಳು, ತಕ್ಷಣ ಬಲಗೈಗೆ ದಾಟಿಸಿದಳು.

ಆ ಎಡ ಮಣಿಕಟ್ಟಿನೊಳಗೆ ಒಂದು ಉಕ್ಕಿನ ಪಟ್ಟಿಯಿತ್ತು. ಎರಡು ವರ್ಷದ ಹಿಂದೆ ಅದೇ ಸರ್ಕ್ಯೂಟ್‌ನ ಗೋಡೆಗೆ ಕಾರು ಗುದ್ದಿಸಿ ಮೂಳೆ ಮುರಿದುಕೊಂಡಿದ್ದಳು. ಅದಕ್ಕೂ ಹದಿನೈದು ದಿನ ಮೊದಲು ಅವಳ ಸುತ್ತಿನ ಸಮಯ ಒಂದು ನಿಮಿಷ ಒಂಬತ್ತು ಪಾಯಿಂಟ್ ಎಂಟು ಸೆಕೆಂಡ್. ಮತ್ತೆ ಓಡಿಸಲು ಶುರುಮಾಡಿದ ಮೇಲೆ ಹನ್ನೊಂದರ ಕೆಳಗೆ ಇಳಿದೇ ಇರಲಿಲ್ಲ.

ಮದುವೆಯಾಗಬೇಕಿದ್ದವನು ಅವಳು ಆಸ್ಪತ್ರೆಯಲ್ಲಿದ್ದಾಗಲೇ ಅವಳ ಹೆಲ್ಮೆಟ್ ಮಾರಿಬಿಟ್ಟಿದ್ದ. "ನಿನ್ನ ಒಳ್ಳೇದಕ್ಕೇ," ಅಂದಿದ್ದ. ಮರುದಿನವೇ ಅವಳು ಉಂಗುರ ವಾಪಸ್ ಕೊಟ್ಟಿದ್ದಳು.

*

ಮುಂದಿನ ಶನಿವಾರ ಕಾರು ಸಿದ್ಧವಾಗಿತ್ತು. ಸೊಗಾ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತೊಮೊಯೆ ನಗುತ್ತಾ ಒಳಗೆ ಕೂತಾಗಿತ್ತು. ಅವನು ಬಾಯಿ ಮುಚ್ಚಿಕೊಂಡ.

ಸರ್ಕ್ಯೂಟ್‌ನಲ್ಲಿ ಕಾರು ಸ್ವಲ್ಪ ಚುರುಕಾಗಿತ್ತು, ನಿಜ. ಆದರೆ ಸಮಯ? ಒಂದು ನಿಮಿಷ ಹತ್ತು ಪಾಯಿಂಟ್ ಒಂಬತ್ತು. ಇನ್ನೊಮ್ಮೆ, ಅದೇ. ಮತ್ತೊಮ್ಮೆ ಹೋದಾಗ ಹನ್ನೊಂದು!

'ನನ್ನಲ್ಲೇ ಏನೋ ಸತ್ತುಹೋಗಿದೆಯಾ…' ಸ್ಟೀರಿಂಗ್‌ಗೆ ಹಣೆ ಒತ್ತಿ ಕೂತಳು. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅನ್ನುವುದೂ ತಿಳಿಯಲಿಲ್ಲ.

ನಂತರ ಒಂದು ಅನುಮಾನ ಸುಳಿಯಿತು. ಕಾರಿನ ಹಿಂಭಾಗವನ್ನು ಜ್ಯಾಕ್ ಮೇಲೆ ಎತ್ತಿ, ಚಕ್ರಕ್ಕೂ ಶಾಫ್ಟ್‌ಗೂ ಚಾಕ್‌ನಲ್ಲಿ ಗೆರೆ ಎಳೆದು, ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು. ಶಾಫ್ಟ್ ಸುಮಾರು ಐದು ಸುತ್ತು ತಿರುಗಬೇಕಿತ್ತು.

ನಾಲ್ಕೂವರೆಗೂ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ವರ್ಕ್‌ಶಾಪ್ ಬಾಗಿಲಲ್ಲಿ ನಿಂತಿದ್ದಳು.

"ನಾನು ಡೆಂಟಲ್ ಲ್ಯಾಬ್‌ನಲ್ಲಿ ಕಟ್ಟು ಹಲ್ಲು ಮಾಡೋಳು, ಸೊಗಾ ಸಾನ್. ಹಲ್ಲಿನ ಲೆಕ್ಕ ನನಗೂ ಬರುತ್ತೆ. ಹಾಕಿರೋದು ನಾಲ್ಕು ಪಾಯಿಂಟ್ ನಾಲ್ಕು. ಹೌದಾ, ಅಲ್ವಾ?"

"…ಹೌದು."

"ಯಾಕೆ?"

"ಎಂಟು ಹಾಕಿದ್ರೆ ಪದೇ ಪದೇ ಗೇರ್ ಬದಲಾಯಿಸಬೇಕಾಗುತ್ತೆ. ಎಲ್ಲಾ ಎಡಗೈಯಲ್ಲೇ. ಆವತ್ತು ನೀವು ಕ್ಯಾನ್ ಹಿಡಿದಿದ್ದು ನೋಡಿದೆ."

"ನೋಡಿದ್ರಿ. ಕೇಳಲಿಲ್ಲ."

"ಹೇಳಬೇಕು ಅಂತಿದ್ದೆ. ನೀವು ಅಷ್ಟು ಖುಷಿಯಾಗಿದ್ರಿ…"

"ನನ್ನ ಕೈ ನನಗೆ ಗೊತ್ತಿಲ್ವಾ? ಎಲ್ಲರಿಗೂ ನನ್ನ ಒಳ್ಳೇದೇ ಬೇಕು. ನನ್ನನ್ನ ಒಂದು ಮಾತು ಕೇಳೋಕೆ ಮಾತ್ರ ಯಾರಿಗೂ ಬಾಯಿಲ್ಲ."

ಸೊಗಾ ತಲೆ ಬಗ್ಗಿಸಿದ. ಆ ಬಗ್ಗಿದ ತಲೆಯನ್ನು ನೋಡಲಾರದೆ ತೊಮೊಯೆ ಹೊರಟುಬಿಟ್ಟಳು. ಇವನೂ ಅಂಥವನೇ ಅನ್ನುವುದಕ್ಕಿಂತ, ಇವನು ಅಂಥವನಲ್ಲ ಎಂದು ತಾನು ಆಗಲೇ ನಂಬಿಬಿಟ್ಟಿದ್ದೆ ಅನ್ನುವುದೇ ಹೆಚ್ಚು ನೋಯಿಸಿತು.

*

ಮೂರು ವಾರ ಯಾವ ಕೆಲಸವೂ ಸರಿಹೋಗಲಿಲ್ಲ. ಒಂದು ದವಡೆ ಹಲ್ಲನ್ನು ಎರಡು ಸಲ ಕೆಡಿಸಿದಳು. ಸೊಗಾ ಎರಡು ಸಲ ಫೋನ್ ಮಾಡಿದ್ದ, ಎತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ, ಹಳೇ ರಸೀದಿಯ ಹಿಂದೆ ಸರ್ಕ್ಯೂಟ್ ಬರೆದಳು. ಯಾವ ತಿರುವಿಗೆ ಯಾವ ಗೇರ್… ಎಂಟು ಹಾಕಿದರೆ ಪ್ರತಿ ಗೇರೂ ಹೆಚ್ಚು ಎಳೆಯುತ್ತದೆ. ಹಾಗಿದ್ದರೆ, ಆ ಎರಡು ಕಡಿದಾದ ತಿರುವುಗಳಲ್ಲಿ ಎರಡನೇ ಗೇರ್‌ಗೆ ಇಳಿಯುವುದೇಕೆ? ಮೂರರಲ್ಲೇ ಹೋದರೆ?

ಪೆನ್ಸಿಲ್ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದಳು.

ಶನಿವಾರ ವರ್ಕ್‌ಶಾಪ್‌ಗೆ ಬಂದವಳು ನಮಸ್ಕಾರವನ್ನೂ ಹೇಳಲಿಲ್ಲ.

"ಜಗಳ ಮುಗಿದಿಲ್ಲ. ಕೆಲಸಕ್ಕೆ ಬಂದಿದ್ದೀನಿ," ಎಂದು ಕಾಗದ ಮುಂದಿಟ್ಟಳು. "ಈಗ ಒಂದು ಸುತ್ತಿಗೆ ಹದಿನಾಲ್ಕು ಸಲ ಗೇರ್ ಬದಲಾಯಿಸ್ತೀನಿ. ಎಂಟು ಹಾಕಿ, ಈ ಎರಡು ತಿರುವುಗಳನ್ನ ಮೂರರಲ್ಲೇ ದಾಟಿದ್ರೆ ಹತ್ತೇ ಸಲ. ನನ್ನ ಕೈಗೆ ಕೆಲಸ ಜಾಸ್ತಿ ಆಗಲ್ಲ, ಕಡಿಮೆ ಆಗುತ್ತೆ."

ಸೊಗಾ ಬೆರಳಿಟ್ಟು ಒಂದೊಂದೇ ತಿರುವನ್ನು ನೋಡಿದ. ತುಂಬ ಹೊತ್ತು ನೋಡಿದ.

"ನೀವು ಎರಡರಲ್ಲೇ ಹೋಗ್ತೀರ ಅಂದ್ಕೊಂಡು ನಾನು ಲೆಕ್ಕ ಹಾಕಿದ್ದೆ. ಪೂರ್ತಿ ತಪ್ಪು."

"ಕೇಳಿದ್ರೆ ಆವತ್ತೇ ಹೇಳ್ತಿದ್ದೆ."

"ಹೌದು. ಕೇಳಬೇಕಿತ್ತು. ನನಗೆ ಭಯ ಆಯ್ತು, ತೊಮೊಯೆ ಸಾನ್. ಅದನ್ನ ಭಯ ಅಂತ ಹೇಳೋ ಬದಲು ಬುದ್ಧಿವಂತಿಕೆ ಅಂದ್ಕೊಂಡೆ."

ಕಪಾಟಿನಿಂದ ಎಣ್ಣೆಕಾಗದದಲ್ಲಿ ಸುತ್ತಿದ ಗೇರ್ ತೆಗೆದ. ಎಂಟರದ್ದು. ಅವಳು ಕೇಳಿದ ದಿನವೇ ತರಿಸಿದ್ದನಂತೆ.

ಮಧ್ಯಾಹ್ನವಿಡೀ ಇಬ್ಬರೂ ಒಟ್ಟಿಗೆ ಕೂತರು. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಸೊಗಾ ಹಳದಿ ಬಣ್ಣ ಸವರಿ ತಿರುಗಿಸಿದ.

"ಇಲ್ಲಿ ಅಂಚಿನಲ್ಲಿ ತಾಗ್ತಿದೆ," ಎಂದಳು ತೊಮೊಯೆ ತಕ್ಷಣ. "ಕೂದಲೆಳೆಯಷ್ಟು ಒಳಗೆ ಹೋಗಬೇಕು."

"ಅಷ್ಟು ಬೇಗ ಹೇಗೆ ಕಾಣಿಸ್ತು?"

"ಹಲ್ಲು ಎಲ್ಲಿ ತಾಗುತ್ತೆ ಅಂತ ನಾವೂ ನೀಲಿ ಕಾಗದ ಕಚ್ಚಿಸಿ ನೋಡ್ತೀವಿ. ನಿಮ್ಮ ಗಿರಾಕಿ ನೋವು ಅಂತ ಕಿರುಚಲ್ಲ, ಅಷ್ಟೇ ವ್ಯತ್ಯಾಸ."

ಅವನು ನಕ್ಕ. ಅವಳಿಗೂ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ಸ್ವಲ್ಪ ಸಿಟ್ಟೂ ಬಂತು.

*

ನವೆಂಬರ್‌ನ ಕೊನೆಯ ಭಾನುವಾರ, ಬಿಸಿಲಿದ್ದರೂ ಚಳಿ.

ಕಡಿದಾದ ತಿರುವಿಗೆ ಮೂರರಲ್ಲೇ ನುಗ್ಗಿದಳು. ಕಾರು ಒಂದು ಕ್ಷಣ ತಡವರಿಸಿತು… ನಂತರ ಬೆನ್ನಿಗೆ ಕೈಯಿಟ್ಟು ನೂಕಿದಂತೆ ದಿಬ್ಬ ಹತ್ತಿತು. ಎಡಗೈ ಸ್ಟೀರಿಂಗ್ ಮೇಲೇ ಇತ್ತು. ಹೆಲ್ಮೆಟ್ಟಿನೊಳಗೆ ಅವಳು ಏನೋ ಕೂಗಿದಳು, ಏನೆಂದು ಅವಳಿಗೇ ಗೊತ್ತಿಲ್ಲ.

ಒಂದು ನಿಮಿಷ ಒಂಬತ್ತು ಪಾಯಿಂಟ್ ಒಂಬತ್ತು.

ಹಳೆಯ ಸಮಯಕ್ಕೆ ಬರೀ ಹತ್ತನೇ ಒಂದು ಸೆಕೆಂಡ್ ಬಾಕಿ. ಇನ್ನೊಂದು ಸುತ್ತಿಗೆ ಅವಕಾಶವೂ ಇತ್ತು.

ಕಾರು ನಿಲ್ಲಿಸಿ ಕೈಗವಸು ತೆಗೆದಳು. ಮಣಿಕಟ್ಟು ಊದಿಕೊಂಡಿತ್ತು. ಸೊಗಾ ಅದನ್ನು ನೋಡಿದ. ಅವನ ಮುಖ ಬಿಳಿಚಿಕೊಂಡದ್ದನ್ನು ಅವಳು ನೋಡಿದಳು. 'ಬೇಡ ಅಂತೀಯಾ? ಈಗ ಬೇಡ ಅಂದುಬಿಡ್ತೀಯಾ?'

ಅವನು ಗಾಳಿಯ ಮೀಟರ್ ಕೈಗೆತ್ತಿಕೊಂಡ.

"ಇನ್ನೊಂದು ಸುತ್ತು ಹೋಗ್ತೀರಾ? ಹೋಗೋದಾದ್ರೆ ಟೈರ್‌ನ ಗಾಳಿ ನೋಡ್ತೀನಿ."

ಎರಡು ವರ್ಷದಲ್ಲಿ ಮೊದಲ ಸಲ ಯಾರೋ ಅವಳನ್ನು ಕೇಳಿದ್ದರು.

"ಇಲ್ಲ," ಎಂದಳು ಮೆಲ್ಲಗೆ. "ಇವತ್ತಿಗೆ ಸಾಕು. ಕೈ ನೋಯ್ತಿದೆ."

ಅವನು ಐಸ್ ಪೊಟ್ಟಣ ತಂದು ಅವಳ ಪಕ್ಕ ಕೂತ. ಕೈ ಮುಂದೆ ಚಾಚಿ, ಅರ್ಧದಲ್ಲೇ ನಿಲ್ಲಿಸಿದ.

"ಹಿಡ್ಕೊಳ್ಳಲಾ?"

ತೊಮೊಯೆ ಎಡಗೈಯನ್ನು ಅವನ ಅಂಗೈಯಲ್ಲಿಟ್ಟಳು.

"ಇನ್ನೂ ಏನಾದ್ರೂ ಕೇಳೋದಿದ್ಯಾ, ಸೊಗಾ ಸಾನ್?"

"ಇದೆ. ನೀವಂದ್ರೆ ನನಗೆ ತುಂಬಾ ಇಷ್ಟ. ಮೂರು ವಾರ ನೀವು ಬರದೇ ಇದ್ದಾಗ ಒಂದು ಬೋಲ್ಟೂ ನೆಟ್ಟಗೆ ಕೂರಿಸೋಕಾಗಲಿಲ್ಲ. ಮುಂದಿನ ಶನಿವಾರ ರಿಪೇರಿ ಏನೂ ಇಲ್ದೆ, ಸುಮ್ನೆ ಬರ್ತೀರಾ?"

"ಕೈ ಹೀಗಿದೆ. ಅಷ್ಟು ದೂರ ಓಡಿಸೋಕಾಗಲ್ಲ."

"ನಾನೇ ಬಂದು ಕರ್ಕೊಂಡು ಹೋಗಲಾ?"

ಅವಳು ಅವನ ಭುಜಕ್ಕೆ ತಲೆ ಒರಗಿಸಿದಳು.

"ಬೇಗ ಬನ್ನಿ. ಕಾಯೋದಂದ್ರೆ ನನಗಾಗಲ್ಲ."