ದೊಡ್ಡದು ಹಾಕು

ಸಂದೇಶನ ಜೀಪು ಕೊಪ್ಪ ಪೇಟೆಯ ಏರು ಹತ್ತುವ ಸದ್ದು ಸೌಜನ್ಯಳಿಗೆ ಬಾಯಿಪಾಠ. ಅಪ್ಪ ದೇವರಾಜರ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೂತು, ತಲೆ ಎತ್ತದೆಯೇ ಅವಳು ಅದನ್ನು ಗುರುತಿಸುತ್ತಿದ್ದಳು. ಆದರೆ ಆ ದಿನದ ಸದ್ದು ಬೇರೆ. ಅರ್ಧ ಏರಿಗೇ ಎಂಜಿನ್ ಏದುಸಿರು ಬಿಟ್ಟಿತು, ಮೂರನೆಯ ಗೇರು ಎರಡಕ್ಕೆ ಇಳಿಯಿತು, ಅದೂ ಸಾಲದೆ ಒಂದಕ್ಕೆ ಬಂತು. ಟರ್ಬೊದ ಸಿಳ್ಳೆ ಕೇಳಲೇ ಇಲ್ಲ.

ಅವಳು ತಲೆ ಎತ್ತಿದಳು. ಇವನು ಯಾವುದನ್ನು ಹಾಕಿಸಿದ?

ಸಂದೇಶ ಬಸರೀಕಟ್ಟೆಯವನು. ಎಸ್ಟೇಟಿಗೆ ಆಳುಗಳನ್ನು ಕರೆದೊಯ್ಯುವ ಜೀಪು ಅವನದು. ಒಂದು ನಟ್ಟು ಕೊಳ್ಳಲು ಅವನಿಗೆ ಅರ್ಧ ಗಂಟೆ ಬೇಕು. ಕೊಂಡ ಮೇಲೆ ಹೊರಡಲು ಇನ್ನರ್ಧ ಗಂಟೆ. "ನಿಂಗೆ ನಟ್ಟು ಬೇಕಾ, ಮಾತು ಬೇಕಾ?" ಎಂದು ಅವಳು ರೇಗಿಸಿದರೆ, ಅವನು ಕೌಂಟರಿನ ಗಾಜಿನ ಮೇಲೆ ಬೆರಳಾಡಿಸುತ್ತಾ ಅದರಲ್ಲಿ ಬಿದ್ದ ಅವಳ ಮುಖವನ್ನೇ ನೋಡುತ್ತಿದ್ದ. ನೇರ ನೋಡುವಷ್ಟು ಧೈರ್ಯ ಅವನಿಗಿರಲಿಲ್ಲ. ಇಬ್ಬರೂ ಆಡಿದ್ದೆಲ್ಲ ಜೀಪಿನ ಮಾತು, ಹೇಳಿಕೊಂಡಿದ್ದೆಲ್ಲ ಬೇರೆ.

ಹಿಂದಿನ ತಿಂಗಳು ಅವನು ಹಳೆಯ ಜೀಪಿಗೆ ಟರ್ಬೊ ಎಂಜಿನ್ನನ್ನೂ ಐದು ಗೇರಿನ ಬಾಕ್ಸನ್ನೂ ಕೂರಿಸಿದ್ದ. ಇನ್ನು ಉಳಿದಿದ್ದು ಕ್ರೌನ್ ಪಿನಿಯನ್, ಹಿಂದಿನ ಚಕ್ರಗಳನ್ನು ತಿರುಗಿಸುವ ಹಲ್ಲುಗಾಲಿಗಳ ಜೋಡಿ: ಕ್ರೌನ್ ಎಂಬ ಅಗಲ ಗಾಲಿ, ಅದನ್ನು ತಿರುಗಿಸುವ ಪಿನಿಯನ್ ಎಂಬ ಪುಟ್ಟ ಗಾಲಿ. ಅಂಗಡಿಯಲ್ಲಿ ಎರಡು ಸೆಟ್ ಇದ್ದವು. ಒಂದರ ಡಬ್ಬದ ಮೇಲೆ 4.56, ಇನ್ನೊಂದರ ಮೇಲೆ 3.73, ಪಿನಿಯನ್ ಎಷ್ಟು ಸುತ್ತಿದರೆ ಕ್ರೌನ್ ಒಂದು ಸುತ್ತು ಎಂಬ ಲೆಕ್ಕ. ಮೊದಲನೆಯದು ಘಾಟಿಗೆ, ಎಂಜಿನ್ ಚುರುಕಾಗಿ ತಿರುಗಿ ಟರ್ಬೊ ಎಚ್ಚರವಾಗಿರುತ್ತದೆ, ಏರಿನಲ್ಲಿ ಎಳೆತ ಸಿಗುತ್ತದೆ, ಬಯಲ ರಸ್ತೆಯಲ್ಲಿ ಮಾತ್ರ ಅರಚಾಟ. ಎರಡನೆಯದು ಹೈವೇಯಲ್ಲಿ ಹಾಯಾಗಿ ಓಡುತ್ತದೆ, ಏರು ಬಂದರೆ ಟರ್ಬೊ ಮಲಗಿಬಿಡುತ್ತದೆ.

ಅದನ್ನು ಕೊಳ್ಳಲು ಬಂದ ದಿನವೇ ಅವನು ದಾವಣಗೆರೆಯ ಸೋದರಮಾವನ ಸುದ್ದಿ ಎತ್ತಿದ. ಮಾವನಿಗೆ ಅಲ್ಲಿ ಲಾರಿಗಳ ವ್ಯವಹಾರ, ಜೊತೆಗೆ ಮದುವೆಗೆ ಬಂದ ಮಗಳು. ಬಾ, ಎರಡನ್ನೂ ನೋಡಿಕೋ ಎನ್ನುತ್ತಿದ್ದಾರಂತೆ. ಇಷ್ಟು ಹೇಳಿ ಎರಡೂ ಡಬ್ಬಗಳನ್ನು ಅವಳ ಮುಂದೆ ಎಳೆದು, ಆ ಒಂದು ಸಲ ಅವಳ ಕಣ್ಣನ್ನೇ ನೇರ ನೋಡಿದ.

"ಯಾವ್ದು ಹಾಕ್ಲಿ? ನೀ ಹೇಳಿದ್ದೇ ಹಾಕ್ತೀನಿ."

ಪಕ್ಕದಲ್ಲೇ ಅಪ್ಪ ಪೇಪರ್ ಓದುತ್ತಿದ್ದರು. ಘಾಟಿದು ಹಾಕು ಎಂದರೆ ಇಲ್ಲೇ ಇರು, ನನ್ನ ಜೊತೆ ಇರು ಎಂದು ಕೂಗಿ ಹೇಳಿದಂತೆಯೇ ಎಂದು ಅವಳಿಗೆ ನಾಚಿಕೆಯಾಯಿತು. ಅದಕ್ಕೆ ಕಣ್ಣು ತಗ್ಗಿಸಿ, "ದೊಡ್ಡದು ಹಾಕು" ಎಂದಳು.

ಅವನು ವಾಡಿಕೆಯಂತೆ ಎರಡೂ ಡಬ್ಬ ತೆಗೆದುಕೊಂಡು, ಬೇಡದ್ದನ್ನು ಆಮೇಲೆ ತಂದುಕೊಡುತ್ತೇನೆ ಎಂದು ಹೋದ. ಆ ರಾತ್ರಿ ಸೌಜನ್ಯ ಮೊಬೈಲನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ನಗುತ್ತಾ ಮಲಗಿದಳು. ಫೋನು ಬರಲಿಲ್ಲ. ಅವನೂ ಈವರೆಗೆ ಬಂದಿರಲಿಲ್ಲ.

ಈಗ ಅಂಗಡಿಯ ಮುಂದೆ ಜೀಪು ನಿಂತಿತು. ಅಪ್ಪ ಊಟಕ್ಕೆ ಹೋಗಿದ್ದರು. ಸಂದೇಶ ಬಂದು, ತೆರೆಯದ ಡಬ್ಬವೊಂದನ್ನು ಕೌಂಟರಿನ ಮೇಲಿಟ್ಟ. 4.56.

"ಬಯಲಿಂದು ಹಾಕ್ಸಿದ್ಯಾ?" ಅವಳು ಡಬ್ಬವನ್ನು ತನ್ನತ್ತ ಎಳೆದುಕೊಂಡಳು.

"ನೀನೇ ಹೇಳಿದ್ಯಲ್ಲ, ದೊಡ್ಡದು ಅಂತ. ಅದ್ರ ಪಿನಿಯನ್ನೇ ಅಲ್ವಾ ದೊಡ್ಡದು, ಹನ್ನೊಂದು ಹಲ್ಲಿಂದು." ನಗಲು ನೋಡಿದ, ಆಗಲಿಲ್ಲ. "ದಾವಣಗೆರೆಗೆ ಹೋಗಿ ಮಾವನ ಮಗಳಿಗೆ ಹೂ ಮುಡಿಸಿ ಬಂದ್ವಿ. ಇವತ್ತು ಜೀಪು ತಗೊಂಡು ಅಲ್ಲಿಗೇ ಹೊರಟೆ."

ಗ್ಯಾರೇಜಿನವರು ದೊಡ್ಡದು ಎನ್ನುವುದು ಕೈಗೆ ಸಿಗುವ ಪಿನಿಯನ್ನನ್ನು. ಕೌಂಟರಿನವರು ದೊಡ್ಡದು ಎನ್ನುವುದು ಡಬ್ಬದ ಮೇಲಿನ ಅಂಕಿಯನ್ನು. ಅಂಕಿ ದೊಡ್ಡದಾದಷ್ಟೂ ಪಿನಿಯನ್ ಚಿಕ್ಕದು. ಎಷ್ಟೋ ಗಿರಾಕಿಗಳ ಜೊತೆ ಈ ಗೊಂದಲವಾಗಿ ಅವಳು ನಕ್ಕಿದ್ದುಂಟು.

ಅವಳು ಡಬ್ಬದ ಮೇಲಿನ ಅಂಕಿಯ ಮೇಲೆ ಬೆರಳಿಟ್ಟಳು. "ನಮ್ಮಲ್ಲಿ ದೊಡ್ಡದು ಅಂದ್ರೆ ಇದು, ಸಂದೇಶ."

ಅವನು ಅಂಕಿ ನೋಡಿದ, ಬೆರಳು ನೋಡಿದ, ಮುಖ ನೋಡಿದ. ಅವನ ಕಣ್ಣು ತುಂಬಿಕೊಂಡಿತು.

"ನಾ ಕೇಳಿದ್ದು ಜೀಪಿಂದು ಮಾತ್ರ ಅಲ್ಲ."

"ನಾ ಹೇಳಿದ್ದೂ ಅಲ್ಲ."

ಹೊರಗೆ ಎನ್.ಆರ್.ಪುರದ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಕ್ರೌನ್ ಪಿನಿಯನ್ ಕೂತ ಹೌಸಿಂಗನ್ನು ಮತ್ತೆ ಬಿಚ್ಚಿಸಬಹುದು, ಒಂದು ದಿನದ ಕೆಲಸ ಎಂದು ಅವನು ಗೊಣಗಿದ. ಸೌಜನ್ಯ ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದಳು. ಒಳ್ಳೆಯವಳು, ಮುಡಿಸಿದ ಹೂ ಬಾಡಿದರೂ ತೆಗೆದಿಲ್ಲವಂತೆ ಎಂದು ಅವನು ತಲೆ ತಗ್ಗಿಸಿ ಹೇಳಿದ. ಆ ಮಾತಿನಲ್ಲಿ ಸೌಜನ್ಯಳಿಗೆ ತನ್ನ ಉತ್ತರ ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

"ಬಿಚ್ಚಿಸ್ಬೇಡ ಮಾರಾಯ. ತರೀಕೆರೆ ದಾಟಿದ ಮೇಲೆ ರಸ್ತೆ ಸಪಾಟು. ಚೆನ್ನಾಗಿ ಓಡ್ತದೆ."

ಅವನು ಹೊರಟ. ಇಳಿಜಾರಾದ್ದರಿಂದ ಜೀಪು ಸದ್ದೇ ಮಾಡಲಿಲ್ಲ. ಅವಳು ಎಷ್ಟು ಹೊತ್ತು ಕಿವಿಗೊಟ್ಟರೂ ಕೇಳಲು ಏನೂ ಉಳಿದಿರಲಿಲ್ಲ. ಡಬ್ಬವನ್ನು ಅದರ ಜಾಗದಲ್ಲಿಟ್ಟು, ಕೌಂಟರಿಗೆ ಹಣೆ ಹಚ್ಚಿ ಅತ್ತಳು.

ಮಳೆಗಾಲ ಮುಗಿದ ಮೇಲೆ ಪಕ್ಕದ ಊರು ನಾರ್ವೆಯ ಮಂಜಪ್ಪ ತಮ್ಮ ಜೀಪಿಗೆ ಕ್ರೌನ್ ಪಿನಿಯನ್ ಕೇಳಿಕೊಂಡು ಬಂದರು. ದೊಡ್ಡದೇ ಕೊಡಮ್ಮ ಎಂದರು. ಸೌಜನ್ಯ ಕಪಾಟಿನತ್ತ ತಿರುಗಲಿಲ್ಲ.

"ದೊಡ್ಡದು ಅಂತ ಹೇಳ್ಬೇಡಿ ಮಂಜಪ್ಪಣ್ಣ," ಎಂದಳು. "ಎಲ್ಲಿಗೆ ಹೋಗ್ಬೇಕು ಅಂತ ಬಾಯಿಬಿಟ್ಟು ಹೇಳಿ."