ರೇಣವ್ವನ ಹೆಸರಿನ ಕೆಳಗಿನ ಗೆರೆ

೧೯೭೪ರ ಫೆಬ್ರುವರಿ ೧೯, ಮಂಗಳವಾರ. ತಿಕೋಟಾ ಠಾಣೆಗೆ ಬಂದ ಅಂಬಾದಾಸ ಮೇಜಿನ ಮೇಲೊಂದು ಹಳದಿ ಕರಪತ್ರ ಇಟ್ಟ.

“ನಮ್ಮಕ್ಕ ಸತ್ತಾಳ್ರಿ. ಇದ ಕೊಂದೈತಿ.”

ಅವನ ಅಕ್ಕ ರೇಣವ್ವ ತಿಕೋಟಾದ ಸರಕಾರಿ ನರ್ಸು. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ‘ಬಾಣಂತಿಯರನ್ನು ಸಾಯಲು ಬಿಡುವ ನರ್ಸ್ ರೇಣವ್ವ’ ಎಂಬ ಕರಪತ್ರ ಸಂತೆಯಲ್ಲಿ ಹರಿದಾಡಿದ ದಿನವೇ ಅವಳ ಮೇಲೆ ಕಲ್ಲು ಬಿದ್ದವು. ತಲೆಗೆ ಪೆಟ್ಟಾಗಿ ವಿಜಾಪುರದ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು.

ಸಬ್‌ಇನ್‌ಸ್ಪೆಕ್ಟರ್ ಹಣಮಂತರಾಯ ಎಫ್‌ಐಆರ್ ದಾಖಲಿಸಿದ. ಕಲ್ಲೆಸೆದ ಇಬ್ಬರು ಸಂಜೆಯೊಳಗೆ ಸಿಕ್ಕರು. ಅವರಿಗೆ ರೇಣವ್ವನ ಪರಿಚಯವೂ ಇರಲಿಲ್ಲ. ಕರಪತ್ರ ಓದಿ ಕೆರಳಿದ್ದರು. ಅಷ್ಟಕ್ಕೇ ಕೈತೊಳೆದುಕೊಳ್ಳಲು ಹಣಮಂತರಾಯನಿಗೆ ಮನಸ್ಸಾಗಲಿಲ್ಲ. ಅವನ ಎರಡನೇ ಮಗಳು ಭೂಮಿಗೆ ಬಿದ್ದದ್ದು ರೇಣವ್ವನ ಕೈಯಲ್ಲೇ.

ಕರಪತ್ರದಲ್ಲಿ ಮುದ್ರಕರ ಹೆಸರಿರಲಿಲ್ಲ. ರೇಣವ್ವನ ಹೆಸರಿನ ಕೆಳಗೆ ಮಾತ್ರ ದಪ್ಪ ಗೆರೆ. ಅದು ನಡುವೆ ಕೂದಲೆಳೆಯಷ್ಟು ಕಡಿದು, ಬಲತುದಿಯಲ್ಲಿ ಮೇಲಕ್ಕೆ ಬಾಗಿತ್ತು.

ಮರುದಿನ ಪೇದೆ ಅಮಸಿದ್ದನನ್ನು ಕರೆದುಕೊಂಡು ಅವನು ವಿಜಾಪುರದ ಪ್ರೆಸ್ಸುಗಳನ್ನು ಒಂದೊಂದಾಗಿ ಹೊಕ್ಕ. ಸ್ಟೇಷನ್ ರಸ್ತೆಯ ಪ್ರೆಸ್ಸಿನ ಒಡತಿ ಮಾಶಾಬಿ ಕರಪತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಇಳಿಯಿತು.

“ಗೆರಿ ನಮ್ಮದ ಐತ್ರಿ. ಅಕ್ಷರದ ಕೆಳಗ ಕೂಡಸೋ ಹಿತ್ತಾಳಿ ಪಟ್ಟಿ. ಬಿದ್ದು ಡೊಂಕಾಗೈತಿ.”

“ಅಚ್ಚ ಹಾಕಿದಾಂವ ಯಾರು?”

“ನನಗ ಗೊತ್ತಿಲ್ದಂಗ ಆಗೇತ್ರಿ. ಅಚ್ಚಿನ ಮೊಳೆ ಜೋಡಸಾಂವ ಗುರಣ್ಣ ಒಬ್ಬನ. ಬಬಲೇಶ್ವರದಾಂವ. ಹೆಂಡ್ತಿ ರಾಚವ್ವ ಹೋದ ತಿಂಗಳ ಹೆರಿಗ್ಯಾಗ ಸತ್ತಳು.”

“ಆಕಿ ಸತ್ತ ದಿನ ಇಂವ ಎಲ್ಲಿದ್ದ?”

“ಇಲ್ಲೇ ಕುಂತು ಲಗ್ನಪತ್ರಿಕಿ ಜೋಡಸಾಕತ್ತಿದ್ದ. ಹೊತ್ತು ಇಳಿದ ಮ್ಯಾಲೆ, ನರ್ಸಬಾಯಿನ ಕರೀಬೇಕು ಅಂತ ಎದ್ದು ಹೋದ.”

ಇಬ್ಬರು ಪಂಚರ ಎದುರು ಪಟ್ಟಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿದರು. ಅದೇ ಕಡಿತ, ಅದೇ ಡೊಂಕು. ಪಂಚನಾಮೆ ಬರೆದು ಪಟ್ಟಿ ವಶಪಡಿಸಿಕೊಂಡರು.

ಬಬಲೇಶ್ವರದಲ್ಲಿ ಗುರಣ್ಣ ಕಟ್ಟೆಯ ಮೇಲೆ ಕೂತಿದ್ದ. ಬಾಗಿಲಲ್ಲಿ ಅವನ ಅತ್ತೆ ತಾಯವ್ವ ಜೋಳ ಕೇರುತ್ತಿದ್ದಳು.

“ರಾಚವ್ವಗ ಬ್ಯಾನಿ ಯಾವಾಗ ಸುರುವಾತು?” ಹಣಮಂತರಾಯ ಕೇಳಿದ.

“ನಸುಕಿನ್ಯಾಗ್ರಿ, ಹೊತ್ತು ಹೊಂಡೂದ್ರಾಗ.”

“ತಿಕೋಟಾಕ್ಕ ಯಾವಾಗ ಮುಟ್ಟಿದಿ?”

“ಕತ್ತಲಾಗಿತ್ರಿ.”

“ವಿಜಾಪುರದಾಗ ಬಸ್ಸು ಇಳಿದು ಪ್ರೆಸ್ಸಿಗಿ ಹೋಗಿದ್ದಿ.”

“ಅರ್ಜೆಂಟ ಕೆಲಸ ಇತ್ರಿ. ಮುಗಿಸೇ ಹೋಗೂಣು ಅಂದ್ಕೊಂಡ್ನಿ. ಚೊಚ್ಚಲ ಹೆರಿಗಿ, ಟೈಮ್ ಹಿಡಿತೈತಿ ಅನ್ಕೊಂಡ್ನಿ.”

“ರೇಣವ್ವ ಬರೂದಿಲ್ಲ ಅಂದಳೇನು?”

“ಇಲ್ರಿ. ಉಣ್ಣೂದು ಬಿಟ್ಟು ನನ್ನ ಜೋಡಿ ಬಂದಳು. ಬರೂದ್ರಾಗ ಎಲ್ಲಾ ಮುಗದಿತ್ತು.”

ಮೊರ ಹಿಡಿದಿದ್ದ ತಾಯವ್ವನ ಕೈ ನಿಂತಿತು.

“ನನಗ ಹಂಗ ಹೇಳಲಿಲ್ಲ ನೀ,” ಅಂದಳು.

ಗುರಣ್ಣ ಅವಳ ಕಡೆ ನೋಡಲಿಲ್ಲ. “ಯಾಕ ತಡಾ ಆತು ಅಂತ ಅತ್ತಿ ಕೇಳಿದ್ಲರಿ. ನರ್ಸಬಾಯಾರು ಮೊದಲ ಬರಾಕ ಒಲ್ಲೆ ಅಂದ್ರು, ಅದಕ್ಕ ತಡಾ ಆತು ಅಂದೆ. ದಿನಾ ಅದನ್ನ ಕೇಳ್ತಿದ್ಲು. ಊರೆಲ್ಲಾ ರೇಣವ್ವನ ಹೆಸರ ಹೇಳಿದ್ರ ನಾನೂ ನಂಬಿಬಿಡ್ತೇನಿ ಅನಿಸ್ತು, ಅದಕ್ಕ ಅಚ್ಚ ಹಾಕಿದ್ನಿ. ಸಾಯ್ತಾಳ ಅಂತ ತಿಳಿದಿರಲಿಲ್ರಿ.”

ಅಮಸಿದ್ದ ಕೈಕೋಳ ಹಾಕಿ ಅವನನ್ನು ಜೀಪಿಗೆ ಹತ್ತಿಸಿದ. ತಾಯವ್ವ ಕಟ್ಟೆ ಇಳಿದು ಹಣಮಂತರಾಯನ ಹತ್ತಿರ ಬಂದಳು.

“ಆ ಬಾಯಿ ನನ್ನ ಮಗಳ ಮೈ ತೊಳದಾಳ್ರಿ. ಸತ್ತ ಮೊಮ್ಮಗನ್ನ ಬಟ್ಟ್ಯಾಗ ಸುತ್ತಿ ಕೊಟ್ಟಾಳ. ಕುಡಿಯಾಕ ನೀರ ಕೇಳಿದ್ಲು. ಇವನ ಮಾತ ನಂಬಿ ನಾ ಕೊಡಲಿಲ್ಲ.”

ಹಣಮಂತರಾಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ಜೀಪು ಹತ್ತಿದ.