ಏಳನೆಯ ನಿಯಮ

2023ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ಶ್ರವಣ ಪರೀಕ್ಷೆಯ ಕೋಣೆಯಲ್ಲಿ ಕಂಪ್ಯೂಟರ್ ಪರದೆ ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿತು. 'ನಿಮ್ಮ ಚಂದಾ ಅವಧಿ ಮುಗಿದಿದೆ.'

ಪರೀಕ್ಷೆ ನಡೆಸುತ್ತಿದ್ದ ಅವಳಿಗೆ ಮೈಯೆಲ್ಲ ಉರಿಯಿತು. ಗಾಜಿನಾಚೆ, ಸದ್ದು ಹೊಗದ ಪುಟ್ಟ ಗೂಡಿನಲ್ಲಿ ಹೆಡ್‌ಫೋನ್ ಹಾಕಿ ಕೂತಿದ್ದ ಹೆಂಗಸು, ಸದ್ದು ಕೇಳಿಸಿದಾಗ ಒತ್ತಬೇಕಾದ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾಯುತ್ತಲೇ ಇದ್ದರು.

"ಏನಮ್ಮಾ, ಏನೂ ಕೇಳಿಸ್ತಾನೇ ಇಲ್ಲ! ಪೂರ್ತಿ ಕಿವುಡಾಗಿಹೋದ್ನಾ?" ಎಂದು ಮೈಕಿನಲ್ಲಿ ಅವರ ದನಿ ಬಂತು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ತಿರುಗಿ ನೋಡಿದಳು. ಗೂಡಿನಲ್ಲಿದ್ದ ಆ ಹೆಂಗಸನ್ನು, ತನ್ನ ಚಿಕ್ಕಮ್ಮನನ್ನು, ಪರೀಕ್ಷೆಗೆ ಕರೆತಂದಿದ್ದ ಯಂತ್ರ ರಿಪೇರಿಯವನು ಬಾಗಿಲಿಗೆ ಒರಗಿ ನಿಂತಿದ್ದ. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಸ್ಕ್ರೂಡ್ರೈವರ್!

"ನಗೋ ವಿಷಯವೇನ್ರೀ ಇದು?"

"ನಿಮ್ಮನ್ನ ನೋಡಿ ನಗಲಿಲ್ಲ. ರೋಗಿಗಳು ನಿಮ್ಮವರು, ಅಳತೆ ನಿಮ್ಮದು, ಬೀಗದಕೈ ಮಾತ್ರ ಕಂಪನಿಯವರ ಹತ್ರ... ಸ್ವಂತ ಮನೆಗೆ ಬಾಡಿಗೆ ಕಟ್ಟಿದ ಹಾಗಲ್ವಾ?"

ಸಿಟ್ಟಿನ ನಡುವೆಯೂ ಆ ಮಾತು ನಾಟಿತು. ಅವಳು ಇಷ್ಟು ವರ್ಷ ಅಳೆದ ಕಿವಿಗಳೆಲ್ಲ ಆ ಬೂದು ಪರದೆಯ ಹಿಂದಿದ್ದವು.

"ಹಾಗಾದ್ರೆ ಏನು ಮಾಡ್ಬೇಕಂತೀರಿ?"

"ಓಪನ್ ಸೋರ್ಸ್ ತಂತ್ರಾಂಶಕ್ಕೆ ಬನ್ನಿ. ಯಾರು ಬೇಕಾದ್ರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಶ್ರವಣ ಪರೀಕ್ಷೆಗೂ ಅಂಥದ್ದೊಂದಿದೆ. ನಾವೊಂದಿಷ್ಟು ಜನ ಸೇರಿ ಬರೀತಿದೀವಿ."

ಅಷ್ಟರಲ್ಲಿ, ಬೇಸತ್ತು ಗೂಡಿನ ಬಾಗಿಲು ತೆರೆದು ಕೇಳುತ್ತಿದ್ದ ಚಿಕ್ಕಮ್ಮ ತಲೆ ಹೊರಹಾಕಿದರು. "ಅವನ ಮಾತು ಕಟ್ಕೊಂಡು ಏನೂ ಬಿಚ್ಚಬೇಡಮ್ಮಾ! ಬಿಚ್ಚಿಟ್ಟ ಮಿಕ್ಸಿ ಇನ್ನೂ ಕಪಾಟಿನಲ್ಲಿದೆ!"

ಅವಳಿಗೂ ನಗು ತಡೆಯಲಾಗಲಿಲ್ಲ.

ಅವಳು ವಿಷಯ ತಿಳಿಸಿದಾಗ ಕ್ಲಿನಿಕ್ಕಿನ ದೊಡ್ಡ ಡಾಕ್ಟರು ಮಾತ್ರ ನಗಲಿಲ್ಲ. "ಒಂದು ತಿಂಗಳು ಕೊಡ್ತೀನಿ. ಅಳತೆ ಸರಿಯಾಗಿ ಬರದಿದ್ರೆ ಮತ್ತೆ ಹಳೇ ಕಂಪನಿಗೇ."

"ಬರುತ್ತೆ ಸರ್. ಬರೋ ಹಾಗೆ ಮಾಡ್ತೀನಿ!"

ಆ ತಂತ್ರಾಂಶ ಬರೆಯುವ ಬಳಗ ಸೇರುತ್ತಿದ್ದುದು ಸದಸ್ಯರೇ ನಡೆಸುವ ಒಂದು ಪುಟ್ಟ ಸಾಮಾಜಿಕ ಜಾಲತಾಣದಲ್ಲಿ. ಜಾಹೀರಾತಿಲ್ಲ, ಯಜಮಾನನಿಲ್ಲ. ಒಳಗೆ ಹೋಗುವಾಗ ನಿಯಮಗಳ ಪುಟವೊಂದು ಬಂತು. 'ಓದಿದ್ದೇನೆ' ಎಂಬಲ್ಲಿ ಕ್ಲಿಕ್ ಮಾಡಿ ಮುಂದೆ ಹೋದಳು. ಅದನ್ನೆಲ್ಲ ಯಾರು ತಾನೇ ಓದುತ್ತಾರೆ?

ಅಲ್ಲಿ ರಿಪೇರಿಯವನ ಹೆಸರು 'ತಿರುಪು'. ದಿನಾ ಬೆಳಿಗ್ಗೆ, ರೋಗಿಗಳು ಬರುವ ಮೊದಲು, ಅವನದೊಂದು ಸಾಲು ಕಾದಿರುತ್ತಿತ್ತು.

"ಇವತ್ತೇನು ಕೆಟ್ಟಿತು?"

"ನನ್ನ ತಲೆ!"

"ಅದಕ್ಕೆ ಬಿಡಿಭಾಗ ಸಿಗಲ್ಲ, ಜೋಪಾನ..."

ಬರಬರುತ್ತ ಅವಳು ತಾನು ಮೊದಲಿನಿಂದ ಇದ್ದ ದೊಡ್ಡ ಜಾಲತಾಣದ ಖಾತೆಯನ್ನೇ ಮುಚ್ಚಿದಳು. ಸಾವಿರ ಜನರ ಫೋಟೋ ನೋಡುತ್ತಿದ್ದವಳು ಈಗ ಒಬ್ಬನ ಒಂದು ಸಾಲಿಗಾಗಿ ಕಾಯುತ್ತಿದ್ದಳು! 'ಇದಕ್ಕೆ ಏನಂತಾರೆ...' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ಧೈರ್ಯ ಬರಲಿಲ್ಲ.

ತಿಂಗಳು ಮುಗಿಯುತ್ತ ಬಂದಾಗ ಹೊಸ ತಂತ್ರಾಂಶದಲ್ಲಿ ತಪ್ಪೊಂದು ಸಿಕ್ಕಿತು. ಅತಿ ತಾರಕದ ಸ್ವರಗಳು ಪರದೆ ತೋರಿಸುವುದಕ್ಕಿಂತ ಐದು ಡೆಸಿಬೆಲ್ ಜೋರಾಗಿ ಬರುತ್ತಿದ್ದವು. ಮಂದವಾದ ಕಿವಿಯೂ ಚುರುಕೆಂದು ತೋರುತ್ತಿತ್ತು. ಅವಳೇ ಶಬ್ದಮಾಪಕ ಹಿಡಿದು ಅಳೆದಳು. ತಿದ್ದುಪಡಿ ಬರೆದು ಬಳಗದ ಮುಂದಿಟ್ಟಳು. ಇನ್ನೊಬ್ಬ ಸದಸ್ಯ ಪರಿಶೀಲಿಸಿ ಒಪ್ಪಿದರೆ ಮಾತ್ರ ಅದು ಸೇರುತ್ತಿತ್ತು. ಸಾಮಾನ್ಯವಾಗಿ ಎಲ್ಲರದನ್ನೂ ಹಾಗೆ ಪರಿಶೀಲಿಸುತ್ತಿದ್ದವನು 'ತಿರುಪು'.

ಎಲ್ಲರ ಕಣ್ಣೆದುರಿಗೇ ಅವನು ಬರೆದ: 'ಈ ಕೆಲಸವನ್ನು ನಾನು ನೋಡುವುದಿಲ್ಲ. ಬೇರೆಯವರು ನೋಡಲಿ.'

ಅಷ್ಟೇ.

ಅವಳು ಆ ಸಾಲನ್ನು ಮತ್ತೆ ಓದಿದಳು. ಎಲ್ಲರದನ್ನೂ ನೋಡುವವನಿಗೆ ನನ್ನದು ಮಾತ್ರ ಬೇಡವಾಯಿತೇ? ನೋಡಲೂ ಲಾಯಕ್ಕಿಲ್ಲದ ಕೆಲಸವೇ?

ಅವಳು ಏನೂ ಕೇಳಲಿಲ್ಲ. ಬೆಳಗಿನ ಸಾಲೂ ನಿಂತುಹೋಯಿತು.

'ಅಳ್ತಾ ಕೂರಲ್ಲ,' ಎಂದುಕೊಂಡಳು. 'ಅವನಿಗಾಗಿ ಬಂದವಳಲ್ಲ ನಾನು. ನನ್ನ ರೋಗಿಗಳಿಗಾಗಿ ಬಂದವಳು.' ಪ್ರತಿಯೊಂದು ಸ್ವರವನ್ನೂ ಮೊದಲಿನಿಂದ ಅಳೆದಳು. ತನ್ನದೇ ಒಂದು ತಪ್ಪು ಸಿಕ್ಕಿತು. ತಿದ್ದಿ ಮತ್ತೆ ಕಳಿಸಿದಳು.

ಗಡುವಿಗೆ ಎರಡು ದಿನ ಮುಂಚೆ ಬಳಗದ ಹಿರಿಯ ಸದಸ್ಯೆ, ದೂರದೂರಿನ ಸಂಗೀತದ ಟೀಚರಮ್ಮ, ಅದನ್ನು ಒಪ್ಪಿದರು. ಕೆಳಗೆ ಒಂದು ಸಾಲು: "ಅಳತೆ ಅಚ್ಚುಕಟ್ಟು! ಅದ್ಸರಿ, ಮದುವೆ ಯಾವಾಗ?"

"ಯಾರ ಮದುವೆ ಟೀಚರ್?"

"ಅಯ್ಯೋ ಹುಡುಗೀ! ಏಳನೇ ನಿಯಮ ಓದಿಲ್ವಾ?"

ಅವಳು ನಿಯಮಗಳ ಪುಟ ತೆರೆದಳು.

'ರಕ್ತಸಂಬಂಧಿಯ, ಬಾಳಸಂಗಾತಿಯ, ಅಥವಾ ತಾವು ಮನಸ್ಸಿಟ್ಟವರ ಕೆಲಸವನ್ನು ಯಾರೂ ತಾವೇ ಒಪ್ಪಬಾರದು. ನೋಡುವುದಿಲ್ಲವೆಂದು ಹೇಳಿ ಪಕ್ಕಕ್ಕೆ ಸರಿಯಬೇಕು.'

ಅಯ್ಯೋ ದೇವರೇ... ಅವನು ಊರೆದುರು ಹೇಳಿಬಿಟ್ಟಿದ್ದ! ನಾನು ನಿಯಮ ಓದಿದ್ದೇನೆಂದು ನಂಬಿ, ಉತ್ತರಕ್ಕೆ ಕಾದು, ನನ್ನ ಮೌನವನ್ನೇ 'ಒಲ್ಲೆ' ಎಂದುಕೊಂಡನೇ?

ಅವಳು ಒಂದೇ ಸಾಲು ಬರೆದಳು: "ಚಿಕ್ಕಮ್ಮನ ಪರೀಕ್ಷೆ ಬಾಕಿ ಇದೆ. ನೀವೇ ಕರೆತನ್ನಿ."

ಮರುದಿನ ಹೊಸ ತಂತ್ರಾಂಶದಲ್ಲಿ ಚಿಕ್ಕಮ್ಮನ ಪರೀಕ್ಷೆ ಸರಾಗವಾಗಿ ಮುಗಿಯಿತು. ಪಕ್ಕದಲ್ಲಿ ನಿಂತು ನೋಡಿದ ದೊಡ್ಡ ಡಾಕ್ಟರು, "ಇನ್ನು ಆ ಕಂಪನಿ ಬೇಡ ಬಿಡಿ," ಎಂದು ಹೊರಟರು.

"ಇವನ ಕಿವಿನೂ ನೋಡಮ್ಮಾ," ಎಂದರು ಚಿಕ್ಕಮ್ಮ. "ಮದುವೆ ಅಂದ್ರೆ ಸಾಕು, ಕೇಳಿಸೋದೇ ಇಲ್ಲ!"

ಅವನು ತಲೆ ತಗ್ಗಿಸಿ, ಹೆಡ್‌ಫೋನ್ ಹಾಕಿ ಗೂಡಿನೊಳಗೆ ಕೂತ. ಅವಳು ಮೈಕಿನ ಹತ್ತಿರ ಬಾಗಿದಳು.

"ನಾನು ನಿಮ್ಮ ರಕ್ತಸಂಬಂಧಿಯಾ?"

ಅವನು ಬೆಚ್ಚಿ ತಲೆ ಎತ್ತಿದ. "ಅಲ್ಲ..."

"ಬಾಳಸಂಗಾತಿಯಾ?"

"ಇನ್ನೂ ಅಲ್ಲ..."

"ಮತ್ತೆ ಯಾಕೆ ಪಕ್ಕಕ್ಕೆ ಸರಿದ್ರಿ?"

"ಉಳಿದಿರೋದು ಒಂದೇ ಕಾರಣ. ನೀವು ಸುಮ್ಮನಾದಾಗ, ನಿಮಗಿಷ್ಟ ಇಲ್ಲ ಅಂದ್ಕೊಂಡೆ."

"ನಿಯಮ ಓದ್ದೇ 'ಓದಿದ್ದೇನೆ' ಅಂದಿದ್ದೆ ಕಣ್ರೀ!" ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು. "ಇನ್ನು ಬದುಕಿಡೀ ನನ್ನ ಕೆಲಸ ನೀವು ಪಾಸು ಮಾಡೋ ಹಾಗಿಲ್ಲ. ಆಗುತ್ತಾ?"

"ಅಂದ್ರೆ... ಒಪ್ಪಿಗೆನಾ?"

"ಹೂಂ."

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಹಸಿರು ದೀಪ ಹೊತ್ತಿತು.

ಅವಳು ಸದ್ದು ತಗ್ಗಿಸಿ ಮತ್ತೆ "ಹೂಂ" ಎಂದಳು. ಒತ್ತಿದ. ಇನ್ನೂ ತಗ್ಗಿಸಿದಳು. ಮತ್ತೆ ಒತ್ತಿದ. ಕೊನೆಗೆ ಅವನಿಗೆ ಕೇಳಿಸದಷ್ಟು ತಗ್ಗಿದಾಗ, ಅದಕ್ಕೂ ಒಂದು ಮೆಟ್ಟಿಲು ಮೇಲಿನ ಅಳತೆಯನ್ನು ಬರೆದುಕೊಂಡಳು. ಇಪ್ಪತ್ತರ ಒಳಗೆ ಬಂದರೆ ಕಿವಿ ಚೆನ್ನಾಗಿದೆ ಎಂದರ್ಥ.

ಅವನಿಗೆ ಕೇಳಿಸಿದ ಅತಿ ಮೆಲ್ಲನೆಯ 'ಹೂಂ': ಹತ್ತು ಡೆಸಿಬೆಲ್.